ಒಮ್ಮೆಲೇ ಇಟ್ಟ ಎಂಟು ನಡೆ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರಾ ಇಪ್ಪತ್ತಾರನೇ ಇಸವಿಯಲ್ಲಿ. ಕನ್ನಡ ನಾಲ್ಕನೇ ಇಯತ್ತೆಯ ಪರೀಕ್ಷೆಗೆ ಇನ್ನು ಹದಿನೆಂಟು ದಿನ ಇತ್ತು. ದಾಂಡೇಲಿಯ ಡಿಪೋದಲ್ಲಿ ಅಪ್ಪನ ಕಾಲಿನ ಮೇಲೆ ಒಂದು ಸಾಗವಾನಿ ನಾಟಾ ಉರುಳಿತು. ಕಾಡಿನಲ್ಲಿ ಕಡಿದು ತಂದ ದಿಮ್ಮಿಗೆ ನಮ್ಮ ಕಡೆ ನಾಟಾ ಅನ್ನುತ್ತಾರೆ. ಅಪ್ಪ ಹಾಸಿಗೆ ಹಿಡಿದ, ಮರುದಿನ ಅವನ ಜಾಗದಲ್ಲಿ ನಾನು ನಿಂತೆ. ಇದನ್ನು ಕೇಳಿದವರು ಸಾಮಾನ್ಯವಾಗಿ ಲೊಚಗುಟ್ಟುತ್ತಾರೆ. ಲೊಚಗುಟ್ಟುವುದು ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದನೇ ವಯಸ್ಸಿಗೆ ಹಗ್ಗ ಹಿಡಿದವನು ಹದಿನೆಂಟಕ್ಕೆ ಟೇಪು ಹಿಡಿದೆ, ಇಪ್ಪತ್ತೆರಡಕ್ಕೆ ಅಳತೆ ಮೇಸ್ತ್ರಿಯಾದೆ. ನಾಟಾದ ಉದ್ದ ಇಷ್ಟು, ಸುತ್ತಳತೆ ಇಷ್ಟು ಎಂದು ಆಳು ಕೂಗುವಷ್ಟರಲ್ಲಿ ಅದರ ಘನಫೂಟು ನನ್ನ ತಲೆಯಲ್ಲಿ ತಯಾರಿರುತ್ತಿತ್ತು. ಮ್ಯಾಟ್ರಿಕ್ ಪಾಸಾದ ಕಾರಕೂನರು ಪೆನ್ಸಿಲು ನೆಕ್ಕಿ ನೆಕ್ಕಿ ಗುಣಾಕಾರ ಮುಗಿಸುವ ತನಕ ನಾನು ಒಂದು ಎಲೆ ಅಡಿಕೆ ಹಾಕಿ ಉಗುಳಿ ಬರುತ್ತಿದ್ದೆ. ಇಬ್ಬರ ಉತ್ತರವೂ ಒಂದೇ ಆಗಿರುತ್ತಿತ್ತು. ಆಗದಿದ್ದ ದಿನ ತಪ್ಪು ಅವರದು.

ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಒಂದು ಜಡ್ಡು ಅಂಟಿಕೊಂಡಿರುತ್ತದೆ. ಪೂರ್ತಿ ಓದಿದವರಿಗೆ ಅದು ಇಲ್ಲ, ಶಾಲೆಯ ಮೆಟ್ಟಿಲೇ ಹತ್ತದವರಿಗೂ ಇಲ್ಲ. ನಡುವೆ ಇಳಿದವರಿಗೆ ಮಾತ್ರ. ಓದಿದ ಮನುಷ್ಯನೊಬ್ಬ ಎದುರಿಗೆ ಬಂದ ಅಂದರೆ ಮನಸ್ಸು ತಾನಾಗಿ ಟೇಪು ಬಿಚ್ಚುತ್ತದೆ. ಇವನ ಸುತ್ತಳತೆ ಎಷ್ಟು, ನನ್ನದೆಷ್ಟು? ಅವನು ಪಾಪ ನಮಸ್ಕಾರ ಹೇಳಲು ಬಂದಿರುತ್ತಾನೆ. ನಾನು ಅಷ್ಟರಲ್ಲಿ ಅವನನ್ನು ಅಳೆದು, ಪೊಳ್ಳು ನಾಟಾ ಎಂದು ಮನಸ್ಸಿನಲ್ಲೇ ಬದಿಗೆ ಉರುಳಿಸಿ ಆಗಿರುತ್ತದೆ. ಈ ಅಳತೆಗೆ ನನಗೆ ಸಿಕ್ಕ ದೊಡ್ಡ ಸಾಧನ ಚದುರಂಗ. ನಮ್ಮ ಕಡೆ ಅದಕ್ಕೆ ಬುದ್ಧಿಬಳ ಎನ್ನುತ್ತಾರೆ. ಹೆಸರಿನಲ್ಲಿ ಬುದ್ಧಿ ಇದೆ, ಬಲ ಇದೆ, ಶಾಲೆ ಇಲ್ಲ. ನನಗಾಗಿಯೇ ಯಾರೋ ಮಾಡಿಟ್ಟ ಆಟ ಎಂದುಕೊಂಡಿದ್ದೆ.

ಡಿಪೋದಲ್ಲಿ ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಒಂದು ದಪ್ಪ ನಾಟಾದ ಗರಗಸ ಹಾಕಿದ ಮೋರೆಯ ಮೇಲೆ ಇದ್ದಿಲಿನಿಂದ ಮನೆ ಬರೆದು ಆಡುತ್ತಿದ್ದೆವು. ಕಾಯಿಗಳನ್ನು ಸಾಗವಾನಿ, ಸೀಸಂ ಚಕ್ಕೆಗಳಲ್ಲಿ ನಾನೇ ಕೆತ್ತಿದ್ದೆ. ನನ್ನ ಕುದುರೆಗಳು ಸ್ವಲ್ಪ ಎಮ್ಮೆಯ ಹಾಗೆ ಕಾಣುತ್ತವೆ ಎಂದು ಕೆಲವರು ಹೇಳುತ್ತಿದ್ದರು. ಅವರು ಸೋತವರು. ನಮ್ಮ ಆಟದ ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಮಾನ ಹೋದದ್ದು ಅಲ್ಲೇ. ನಮ್ಮಲ್ಲಿ ಆಟ ಸುರುವಾಗುವಾಗ ಒಬ್ಬ ಎಂಟು ನಡೆ ಒಮ್ಮೆಲೇ ಇಡುತ್ತಾನೆ. ತನ್ನ ಅರ್ಧದೊಳಗೇ, ಗಡಿ ದಾಟದೆ, ಯಾರನ್ನೂ ಕೊಲ್ಲದೆ. ಆಮೇಲೆ ಎದುರಿನವನೂ ಎಂಟು ಇಡುತ್ತಾನೆ. ಹೀಗೆ ಇಬ್ಬರೂ ಸಾವಕಾಶ ತಮ್ಮ ತಮ್ಮ ಕೋಟೆ ಕಟ್ಟಿಕೊಂಡು, ಬೀಡಿ ಹೊತ್ತಿಸಿ, ಆಮೇಲೆ ಜಗಳಕ್ಕೆ ಇಳಿಯುವುದು. ಪ್ಯಾದೆ ಒಂದೇ ಮನೆ ನಡೆಯುತ್ತದೆ. ರಾಜನಿಗೆ ಇನ್ನೂ ಶಹ, ಅಂದರೆ ಚೆಕ್, ಬಿದ್ದಿಲ್ಲದಿದ್ದರೆ ಒಂದು ಸಲ ಕುದುರೆಯ ಹಾಗೆ ಜಿಗಿದು ಪಾರಾಗಬಹುದು. ನನ್ನ ಎಂಟು ನಡೆ ಎಷ್ಟು ರೂಢಿಯಾಗಿತ್ತೆಂದರೆ, ಕಣ್ಣು ಮುಚ್ಚಿಕೊಂಡು ಇಡುತ್ತಿದ್ದೆ. ಮೊದಲು ಅಂಚಿನ ಪ್ಯಾದೆ ಒಂದು ಮನೆ, ಅದರ ಪಕ್ಕದ್ದು ಒಂದು ಮನೆ, ಆ ಸಂದಿಯಲ್ಲಿ ಒಂಟೆ, ಮುಂದೆ ಕುದುರೆ, ಹೀಗೆ. ಮನೆ ಕಟ್ಟುವವರು ಅಂಗಳದ ಬಾಗಿಲಿನಿಂದ ಸುರು ಮಾಡಿದ ಹಾಗೆ.

ಈ ಕೋಟೆಯಿಂದ ನಾನು ಗೆದ್ದವರ ಯಾದಿ ಸಣ್ಣದಲ್ಲ. ಮುಂಡಗೋಡಿನ ಒಬ್ಬ ನಾಟಿ ವೈದ್ಯರು, ರಾಮನಗರದ ಒಬ್ಬ ಕಿರಾಣಿ ಅಂಗಡಿಯವರು, ಕುಳಗಿಯ ಕಾಡಿನ ಕ್ಯಾಂಪಿನಲ್ಲಿ ಅಡಿಗೆ ಮಾಡುವ ಕೊಂಕಣಿಯವರು. ಈ ಕೊನೆಯವರು ಸೋತ ಸಿಟ್ಟಿಗೆ ನನಗೆ ಸಾರಿನಲ್ಲಿ ಉಪ್ಪು ಹಾಕದೆ ಬಡಿಸಿದರು. ಅದನ್ನೂ ನಾನು ಗೆಲುವಿನ ಲೆಕ್ಕಕ್ಕೇ ಹಿಡಿದು ಎರಡು ಸಲ ಹಾಕಿಸಿಕೊಂಡು ಉಂಡೆ.

ಇಷ್ಟೆಲ್ಲ ಗೆದ್ದವನ ಮನೆಯಲ್ಲಿ ಹೆಂಡತಿ ಗಂಗವ್ವ ಇದ್ದಳು. ಮಗಳು ಕಸ್ತೂರಿಗೆ ಏಳು ತುಂಬಿದ ವರ್ಷ ಅದು, ಲಡಾಯಿ ನಡೆದ ಕಾಲ, ನಲವತ್ತೊಂದನೇ ಇಸವಿ. ಗಂಗವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಕಸ್ತೂರಿನ್ನ ಶಾಲಿಗೆ ಹಾಕೂಣು" ಅಂದಳು.

"ಯಾತಕ್ಕ?"

"ಮಂದಿ ಯಾತಕ್ಕ ಹಾಕ್ತಾರ, ಅದಕ್ಕ."

"ನಾ ನಾಕನೇ ಇಯತ್ತೇಕ ಬಿಟ್ಟೇನಿ. ನನಗೇನ ಕಡಿಮಿ ಆಗೈತಿ ಹೇಳು ನೋಡೂಣು."

ಅವಳು ಬಡಿಯುವ ಕೈ ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. "ಹೇಳಿಕೋತ ಕುಂತ್ರ ರೊಟ್ಟಿ ಹೊತ್ತತಾವು" ಅಂದು ಮತ್ತೆ ಬಡಿಯತೊಡಗಿದಳು.

ಈ ಮಾತು ನನ್ನ ಹೊಟ್ಟೆಯಲ್ಲಿ ಒಂದು ವಾರ ಕೂತಿತ್ತು. ಅಷ್ಟರಲ್ಲಿ ಹಳಿಯಾಳದ ವಾಚನಾಲಯದಲ್ಲಿ ಬುದ್ಧಿಬಳದ ಪಂದ್ಯ ಇಟ್ಟಿದ್ದಾರೆ, ವಿಲಾಯತಿ ಪದ್ಧತಿಯ ಆಟ, ಯಾರು ಬೇಕಾದರೂ ಹೆಸರು ಕೊಡಬಹುದು ಎಂದು ಡಿಪೋದ ಕಾರಕೂನರು ಸುದ್ದಿ ತಂದರು. ವಕೀಲರು, ಡಾಕ್ಟರು, ಪೋಸ್ಟ್ ಮಾಸ್ತರರು, ಕಚೇರಿಯ ಮಂದಿ, ಎಲ್ಲ ಓದಿದವರು. ಇಡೀ ಹಳಿಯಾಳದ ವಿದ್ಯೆ ಒಂದೇ ಕೋಣೆಯಲ್ಲಿ ಸಾಲಾಗಿ ಕೂತು ನನ್ನ ಟೇಪಿಗಾಗಿ ಕಾಯುತ್ತಿದೆ ಎಂದು ನನಗೆ ಅನಿಸಿತು. ಅಂದು ಮನೆಗೆ ಬಂದವನೇ ಗಂಗವ್ವನಿಗೆ ಹೇಳಿದೆ:

"ಗೆದ್ದು ಬರ್ತೇನಿ. ಆಮ್ಯಾಲ ಈ ಮನ್ಯಾಗ ಶಾಲಿ ಮಾತ ಎತ್ತಬ್ಯಾಡ."

"ಸೋತ್ರ?"

"ಸೋತ್ರ ನೀ ಹೇಳಿದ್ಹಂಗ."

"ಮೊದಲನೇ ಆಟಕ್ಕ ಸೋತ್ರೂ?"

"ಮೊದಲನೇ ಆಟಕ್ಕ ಸೋತ್ರ ನಾನ ಆಕಿ ಕೈ ಹಿಡಕೊಂಡು ಹೋಗಿ ಹೆಸರು ಹಚ್ಚಿ ಬರ್ತೇನಿ, ಆತಿಲ್ಲೊ?"

ಹೀಗೆ ಒಂದು ಹುಡುಗಿಯ ಓದು ನನ್ನ ಬಾಯಿಯಿಂದ ಪಣಕ್ಕೆ ಬಿತ್ತು. ಆ ಹುಡುಗಿ ಆಗ ಹಿತ್ತಲಲ್ಲಿ ನನ್ನದೇ ಒಂದು ಸೀಸಂ ಆನೆಗೆ ಹುಲ್ಲು ತಿನ್ನಿಸುತ್ತಿತ್ತು.

ವಿಲಾಯತಿ ಪದ್ಧತಿ ಅಂದರೆ ಏನು ಎಂದು ಕಾರಕೂನರನ್ನು ಕೇಳಿದೆ. ಅವರಿಗೆ ನಿಯಮ ಗೊತ್ತಿತ್ತು, ಆಟ ಗೊತ್ತಿರಲಿಲ್ಲ. ಓದಿದವರಲ್ಲಿ ಹೀಗೆ ಹಲವರು ಇರುತ್ತಾರೆ. ಅವರು ಬೆರಳು ಮಡಿಸಿ ಮೂರು ಫರಕು ಹೇಳಿದರು. ಒಂದು, ಪ್ಯಾದೆ ಮೊದಲ ಸಲ ಎರಡು ಮನೆ ನಡೆಯಬಹುದು. ಎರಡು, ರಾಜನಿಗೆ ಕುದುರೆಯ ಜಿಗಿತ ಇಲ್ಲ. ಅದರ ಬದಲು ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿ, ರಾಜ ಮೂಲೆಯ ಕಡೆ ಅಡಗಬಹುದು. ಮೂರು, ಕೊನೆ ಮುಟ್ಟಿದ ಪ್ಯಾದೆ ಯಾವ ಸಾಲಿನಲ್ಲಿದ್ದರೂ ವಜೀರನಾಗಬಹುದು. ಎರಡು ವಾರ ನಾನು ಡಿಪೋದ ಮಂದಿಯನ್ನು ಕೂರಿಸಿಕೊಂಡು ಈ ಮೂರನ್ನೂ ರೂಢಿ ಮಾಡಿದೆ. ಎಂಟು ನಡೆ ಇಡುತ್ತಿದ್ದೆ, ಅವರೂ ಎಂಟು ಇಡುತ್ತಿದ್ದರು, ಆಮೇಲೆ ಈ ಮೂರು ನಿಯಮ ಹಚ್ಚಿ ಆಡುತ್ತಿದ್ದೆವು. ನಾಲ್ಕನೆಯ ಒಂದು ಫರಕು ಇದೆ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಲು ಅವರಿಗೆ ಹೊಳೆಯಬೇಕಲ್ಲ. ಊಟಕ್ಕೆ ಕರೆದವರು ಬಾಯಿಯಿಂದಲೇ ಉಣ್ಣಬೇಕು ಎಂದು ಹೇಳಿ ಕರೆಯುತ್ತಾರೆಯೇ?

ಪಂದ್ಯದ ದಿನ ಬೆಳಿಗ್ಗೆ ಒಗೆದ ಧೋತರ ಉಟ್ಟು ಹಳಿಯಾಳದ ಬಸ್ಸು ಹತ್ತಿದೆ. ಲಡಾಯಿಯ ದೆಸೆಯಿಂದ ಪೆಟ್ರೋಲು ಸಿಗದೆ, ಬಸ್ಸಿನ ಹಿಂದೆ ಒಂದು ಹಂಡೆಯಂಥ ಡಬ್ಬಿ ಕಟ್ಟಿ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಓಡುವುದು ಎಂದರೆ ಏರು ಬಂದಾಗ ನಾವೆಲ್ಲ ಇಳಿದು ಅದರ ಪಕ್ಕದಲ್ಲಿ ನಡೆಯುವುದು. ವಾಚನಾಲಯ ಮುಟ್ಟುವ ಹೊತ್ತಿಗೆ ನನ್ನ ಧೋತರ ಗೆರೆ ಗೆರೆ ಕಪ್ಪಾಗಿತ್ತು. ಒಳಗೆ ಬೆಂಚುಗಳ ಮೇಲೆ ಕೋಟು, ಟೊಪ್ಪಿಗೆ, ಚಾಳೀಸು. ಪಂದ್ಯ ನಡೆಸುವವರು ಊರಿನ ಹಿರಿಯ ವಕೀಲರೊಬ್ಬರು. ಅವರು ಯಾದಿ ಹಿಡಿದು, "ದಾಂಡೇಲಿ ಮೇಸ್ತ್ರಿ ಫಕ್ಕೀರಪ್ಪ ಯಾರಪಾ? ಬಾ, ಇಲ್ಲಿ ಕುಂದರು. ನಿನ್ನ ಜೋಡಿ ದಸ್ತಗೀರಸಾಬ" ಅಂದರು.

ದಸ್ತಗೀರಸಾಬರನ್ನು ನೋಡಿ ನನಗೆ ನಿರಾಸೆಯಾಯಿತು. ನಾನು ಬಂದದ್ದು ಡಾಕ್ಟರನ್ನೋ ಪೋಸ್ಟ್ ಮಾಸ್ತರನ್ನೋ ಉರುಳಿಸಲು. ಎದುರಿಗೆ ಕೂತದ್ದು ನಾನು ಬಂದ ಬಸ್ಸನ್ನೇ ರಿಪೇರಿ ಮಾಡುವ ಮಿಸ್ತ್ರಿ. ನಲವತ್ತು ದಾಟಿದ ಸಣಕಲು ಮನುಷ್ಯ, ಉಗುರಿನ ಸಂದಿಯಲ್ಲಿ ಗ್ರೀಸು, ಕಿವಿಯ ಮೇಲೆ ಪೆನ್ಸಿಲು. ನನ್ನ ಧೋತರ ನೋಡಿ ಕೇಳಿದರು, "ಏರಿನಾಗ ನಿಂತಿತ್ತೇನ್ರಿ ಗಾಡಿ?"

"ಎರಡ ಸಲ."

"ಎರಡೇ ಆದ್ರ ಛಲೋ ಬಂದೈತಿ ಬಿಡ್ರಿ" ಎಂದು ಅವರು ಅಭಿಮಾನದಿಂದ ಹೇಳಿ, ಒಂದು ನೋಟುಬುಕ್ಕು ತೆಗೆದು ಮೊಳಕಾಲಿನ ಮೇಲೆ ಇಟ್ಟುಕೊಂಡರು. ಬಸ್ಸಿಗೆ ಬೇಕಾದ ಸಾಮಾನಿನ ಯಾದಿ ಇರಬೇಕು, ಪಾಪ, ಆಟದ ನಡುವೆಯೂ ಹೊಟ್ಟೆಪಾಡು ಬಿಡುವುದಿಲ್ಲ ಎಂದುಕೊಂಡೆ.

ಬಿಳಿ ಕಾಯಿ ನನಗೆ ಬಂದವು, ಅಂದರೆ ಮೊದಲ ನಡೆ ನನ್ನದು. ವಕೀಲರು ಸುರು ಮಾಡ್ರಿ ಅಂದರು. ನಾನು ತೋಳು ಏರಿಸಿ ಟಕ ಟಕ ಟಕ ಎಂದು ಎಂಟೂ ನಡೆ ಇಟ್ಟೆ. ಅಂಚಿನ ಪ್ಯಾದೆ, ಅದರ ಪಕ್ಕದ್ದು, ಸಂದಿಯಲ್ಲಿ ಒಂಟೆ, ಎರಡು ಕುದುರೆ, ನಡುವಿನ ಎರಡು ಪ್ಯಾದೆ, ಎಡಗಡೆ ಒಂದು. ನೋಡಲು ಚಂದದ ಕೋಟೆ. ಹಿಂದಕ್ಕೆ ಒರಗಿ, ಎಲೆ ಅಡಿಕೆಯ ಚೀಲ ಬಿಚ್ಚುತ್ತ, "ಇಡ್ರಿ, ನಿಮ್ಮವೂ ಎಂಟ ಇಡ್ರಿ, ಗಡಿಬಿಡಿ ಏನಿಲ್ಲ" ಅಂದೆ.

ಬೆಂಚಿನವರು ಹಾಸು ನೋಡಲು ಕತ್ತು ಉದ್ದ ಮಾಡಿದರು. ಆಮೇಲೆ ಹಿಂದಿನಿಂದ ಒಬ್ಬರು, "ಮೇಸ್ತ್ರಿ ಒಬ್ನ ಆಡಿ ಮುಗಿಸಿ ಹೋಗಾಂವ ಕಾಣ್ತಾನ, ಎದುರಿನವ್ರ ಜರೂರನ ಇಲ್ಲ" ಅಂದರು. ಆಗ ಇಡೀ ಕೋಣೆ ನಕ್ಕಿತು. ನನಗೆ ಯಾಕೆ ಎಂದು ತಿಳಿಯಲಿಲ್ಲ. ತಿಳಿಯದಿದ್ದಾಗ ನಾನೂ ಸ್ವಲ್ಪ ನಗುವುದುಂಟು, ಹಾಗೆ ನಕ್ಕೆ. ವಕೀಲರು ಹತ್ತಿರ ಬಂದು, ಈ ಪದ್ಧತಿಯಲ್ಲಿ ಒಬ್ಬ ಒಂದು ನಡೆ ಇಟ್ಟರೆ ಇನ್ನೊಬ್ಬ ಒಂದು ಇಡಬೇಕು, ಮೊದಲಿನಿಂದಲೇ, ಎಂದು ಸಣ್ಣ ಹುಡುಗರಿಗೆ ಹೇಳುವ ಹಾಗೆ ಹೇಳಿದರು. ಕೋಟಿನವರೊಬ್ಬರು ಆಟ ರದ್ದು ಮಾಡ್ರಿ, ಇಂವ ಸೋತ ಅಂತ ಬರೀರಿ ಅಂದರು. ಆಗ ದಸ್ತಗೀರಸಾಬರು ಪೆನ್ಸಿಲು ಎತ್ತಿದರು.

"ವಕೀಲಸಾಹೇಬ್ರ, ನಾನೂ ಮೊದಲ ಹಿಂಗ ಆಡ್ತಿದ್ದವನ. ಇದರಾಗ ನಗೂದೇನೈತಿ? ಅವ್ರು ಮೊದಲ ಇಟ್ಟದ್ದು ಅಂಚಿನ ಪ್ಯಾದಿ. ಅದು ಇರ್ಲಿ. ಉಳದ ಏಳು ವಾಪಸ್ ಇಡ್ಲಿ."

ಹಾಗೇ ಆಯಿತು. ಮದುವೆಯ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಎಂಟು ಹೋಳಿಗೆ ಹಾಕಿಸಿಕೊಂಡು, ಒಂದನ್ನು ಇಟ್ಟುಕೊಂಡು ಏಳನ್ನು ಎಲ್ಲರ ಎದುರು ಬುಟ್ಟಿಗೆ ಮರಳಿಸುವುದು ಹೇಗಿರುತ್ತದೋ ಹಾಗಿತ್ತು. ಒಂದೊಂದೇ ಕಾಯಿ ಹಿಂದಿಡುವಾಗ ನನ್ನ ಕಿವಿಯ ಬಿಸಿಗೆ ಬಸ್ಸು ಓಡಿಸಬಹುದಿತ್ತು. ಮೇಲಾಗಿ ನನ್ನ ಇಡೀ ಕೋಟೆಯನ್ನು ಎದುರಿನವರು ಕಣ್ಣಾರೆ ನೋಡಿ ಆಗಿತ್ತು. ಹಾಸಿನ ಮೇಲೆ ಉಳಿದದ್ದು ಒಂದು ಮನೆ ಮುಂದೆ ಬಂದ ಅಂಚಿನ ಪ್ಯಾದೆ, ಯಾರೂ ಕರೆಯದೆ ಬಂದು ಬಾಗಿಲಲ್ಲಿ ನಿಂತವನ ಹಾಗೆ. ದಸ್ತಗೀರಸಾಬರು ಅದನ್ನೇ ಬಹಳ ಹೊತ್ತು ನೋಡಿ, "ಇದು ಪುಸ್ತಕದಾಗ ಇಲ್ಲ" ಎಂದು ಮೆಲ್ಲಗೆ ಹೇಳಿ ನೋಟುಬುಕ್ಕಿನಲ್ಲಿ ಏನೋ ಬರೆದುಕೊಂಡರು. ಆಮೇಲೆ ಮುಖ ಅರಳಿಸಿ, "ಅಂದ್ರ ನೀವು ಒಂದು ನಡೆ ನನಗ ಬಿಟ್ಟುಕೊಟ್ಟಂಗ ಆತ್ರಿ ಮೇಸ್ತ್ರಿ. ಇನ್ನ ಬಿಳಿ ಕಾಯಿ ನನ್ನವು ಅಂತ ತಿಳಕೊಂಡ ಆಡ್ತೇನಿ" ಅಂದು, ತಮ್ಮ ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ನಡೆಸಿದರು.

ಎರಡು ಮನೆಯ ನಡೆ ನನಗೂ ಗೊತ್ತಿದೆ ಎಂದು ತೋರಿಸಬೇಕಾಗಿತ್ತು. ನಾನೂ ರಾಜನ ಮುಂದಿನದನ್ನು ಎರಡು ಮನೆ ನಡೆಸಿದೆ. ಅವರು ಕುದುರೆ ಹಾರಿಸಿದರು. ನಾನು ಆ ಪ್ಯಾದೆಗೆ ಇನ್ನೊಂದು ಪ್ಯಾದೆಯ ಆಸರೆ ಕೊಟ್ಟೆ. ಅವರು ಒಂಟೆಯನ್ನು ಹೊರಗೆ ತಂದು ನನ್ನ ರಾಜನ ಮಗ್ಗುಲನ್ನೇ ನೋಡುವ ಹಾಗೆ ಕೂರಿಸಿದರು. ಆಗ ನನಗೆ ಒಂದು ಸಂಗತಿ ಕಂಡು ಬೆರಗಾಯಿತು. ಹದಿನೈದು ವರ್ಷ ನಾನು ಆಡಿದ ಆಟದಲ್ಲಿ ಮೊದಲು ಇಬ್ಬರೂ ಬೆನ್ನು ತಿರುಗಿಸಿ ಮನೆ ಕಟ್ಟಿಕೊಳ್ಳುತ್ತಿದ್ದೆವು. ಇಲ್ಲಿ ಮೊದಲನೇ ಕಲ್ಲು ಇಟ್ಟ ಕೂಡಲೇ ಎದುರಿನವನು ಆ ಕಲ್ಲಿಗೆ ಮಾತಾಡುತ್ತಾನೆ. ನಾನು ಒಂದು ಹೇಳಿದರೆ ಅವರು ಅದಕ್ಕೆ ಉತ್ತರ ಕೊಡುತ್ತಿದ್ದರು, ನಾನು ಹೇಳದೆ ಬಿಟ್ಟದ್ದಕ್ಕೂ ಉತ್ತರ ಕೊಡುತ್ತಿದ್ದರು. ಬರೀ ಮೂರು ನಡೆಯಲ್ಲಿ ಇಷ್ಟು ಮಾತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಿಟ್ಟು, ನಾಚಿಕೆ ಎಲ್ಲ ಒಂದು ಗಳಿಗೆ ಮರೆತುಹೋಗಿ, ಸಂತೆಯಲ್ಲಿ ಹೊಸ ಯಂತ್ರ ಕಂಡವನ ಹಾಗೆ ಬಾಯಿ ತೆರೆದು ಕೂತಿದ್ದೆ.

ನನ್ನ ನಾಲ್ಕನೇ ನಡೆಗೆ ಕುದುರೆ ತೆಗೆದೆ, ಅವರು ಎರಡನೇ ಕುದುರೆ ತೆಗೆದರು. ಐದನೇ ನಡೆಗೆ ನನಗೆ ಒಂದು ಸುಖ ಸಿಕ್ಕಿತು. ನನ್ನ ಒಂಟೆಯನ್ನು ಓಡಿಸಿ ಅವರ ಮೊದಲನೇ ಕುದುರೆಯ ಎದುರಿಗೆ ಕೂರಿಸಿದೆ. ಕುದುರೆಯ ಹಿಂದೆ, ಅದೇ ಗೆರೆಯಲ್ಲಿ, ಅವರ ವಜೀರ. ಕುದುರೆ ಕದಲಿದರೆ ವಜೀರ ಸತ್ತ. ಗೂಟಕ್ಕೆ ಕಟ್ಟಿದ ಹಾಗೆ ಕಟ್ಟಿಹಾಕಿದೆ ಎಂದು ಬೆಂಚಿನ ಕಡೆ ತಿರುಗಿ ನಕ್ಕವರನ್ನೆಲ್ಲ ಒಮ್ಮೆ ನೋಡಿದೆ. ತಿರುಗಿ ಹಾಸು ನೋಡುವಷ್ಟರಲ್ಲಿ ಆ ಕುದುರೆ ಅಲ್ಲಿರಲಿಲ್ಲ. ನನ್ನ ನಡುವಿನ ಪ್ಯಾದೆಯನ್ನು ತಿಂದು ಅದರ ಜಾಗದಲ್ಲಿ ನಿಂತಿತ್ತು.

ಪಾಪ, ವಜೀರ ಕಾಣಿಸಿಲ್ಲ ಅವರಿಗೆ ಎಂದುಕೊಂಡೆ. ಕನಿಕರವೂ ಬಂತು. "ದಸ್ತಗೀರಸಾಬ, ನಿಮ್ಮ ವಜೀರ ಹೊಂಟ ನೋಡ್ರಿ" ಅಂದೆ.

"ಹೋಗಲಿ ಬಿಡ್ರಿ, ಭಾಳ ದಿವಸ ನೌಕರಿ ಮಾಡ್ಯಾನ" ಅಂದರು.

ತೆಗೆದೆ. ವಜೀರನನ್ನು ಕೈಯಲ್ಲಿ ಹಿಡಿದಾಗ ಅವರ ಒಂಟೆ ಬಂದು ನನ್ನ ರಾಜನ ಮಗ್ಗುಲಿನ ಪ್ಯಾದೆಯನ್ನು ತಿಂದು ಶಹ ಕೊಟ್ಟಿತು. ಆ ಒಂಟೆಯನ್ನು ಕೊಲ್ಲುವ ಹಾಗಿಲ್ಲ, ಹಿಂದೆ ಕುದುರೆಯ ಕಾವಲು. ರಾಜ ಮೂಲೆಗೆ ಅಡಗುವ ಆ ನಿಯಮ ನೆನಪಾಯಿತು. ಆದರೆ ರಾಜ ಎಷ್ಟು ಮನೆ, ಆನೆ ಎಷ್ಟು ಮನೆ, ಶಹ ಬಿದ್ದಾಗ ನಡೆಯುತ್ತದೋ ಇಲ್ಲವೋ ಮರೆತಿತ್ತು. ಕೇಳಿದ್ದರೆ ವಕೀಲರು ಹೇಳುತ್ತಿದ್ದರು. ಎಂಟು ನಡೆ ಇಟ್ಟು ನಗಿಸಿದವನು ಮತ್ತೆ ಬಾಯಿ ತೆರೆದು ಕೇಳುವುದೇ? ರಾಜನಿಗೆ ಹೋಗಲು ಒಂದೇ ಒಂದು ಮನೆ ಕಂಡಿತು, ಮುಂದಕ್ಕೆ. ಅಲ್ಲಿಗೆ ನಡೆಸಿದೆ. ಅವರ ಇನ್ನೊಂದು ಕುದುರೆ ಹಾರಿ ಬಂದು ಮತ್ತೆ ಶಹ ಕೊಟ್ಟಿತು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಹಿಂದೆ ನೋಡಿದೆ. ಎರಡು ಕುದುರೆ, ಒಂದು ಒಂಟೆ. ಉಳಿದ ಮನೆಗಳಲ್ಲಿ ನನ್ನದೇ ಮಂದಿ ದಾರಿ ಕಟ್ಟಿ ನಿಂತಿದ್ದರು. ರಾಜ ಸತ್ತದ್ದು ನನಗೆ ತಿಳಿಯಲು, ಸತ್ತ ಮೇಲೆ ಎರಡು ಮಿನಿಟು ಹಿಡಿಯಿತು.

ಒಟ್ಟು ನಾನು ಇಟ್ಟದ್ದು ಏಳು ನಡೆ. ಎಂಟು ನಡೆಯ ಕೋಟೆ ಕಟ್ಟಿಕೊಂಡು ಬಂದವನಿಗೆ ಎಂಟನೆಯದರ ಜರೂರೇ ಬೀಳಲಿಲ್ಲ. ಈ ಸಲ ಯಾರೂ ನಗಲಿಲ್ಲ. ಡಾಕ್ಟರು, ಪೋಸ್ಟ್ ಮಾಸ್ತರರು ಎಲ್ಲ ಎದ್ದು ಬಂದು ಹಾಸಿನ ಸುತ್ತ ನಿಂತು, ಬದಿಯಲ್ಲಿ ಮಲಗಿದ ವಜೀರನನ್ನೂ ನಿಂತ ಎರಡು ಕುದುರೆಗಳನ್ನೂ ನೋಡುತ್ತಿದ್ದರು. ದೇವರ ಮುಂದೆ ನಿಂತವರ ಹಾಗೆ ಕೆಲವರು ಚಪ್ಪಲಿಯನ್ನೂ ಬಿಟ್ಟು ಬಂದಿದ್ದರು. ಬೆಂಚಿನ ಕೆಳಗೆ ಬಿಟ್ಟದ್ದನ್ನು ಮರೆತು ಎದ್ದಿದ್ದರು ಎಂಬುದು ಬೇರೆ ಮಾತು. ಕಣ್ಣು ಒರೆಸಿಕೊಂಡು ಆ ಗುಂಪಿನಲ್ಲಿ ನಾನೂ ನಿಂತು ನೋಡಿದೆ. ಸೋತವನು ನಾನು ಎಂಬುದು ಆಗ ಮುಖ್ಯ ಅನಿಸಲಿಲ್ಲ.

ನನ್ನ ಬಸ್ಸು ನಾಲ್ಕು ಗಂಟೆಗೆ. ದಸ್ತಗೀರಸಾಬರು ಮುಂದಿನ ಆಟದಲ್ಲಿ ಡಾಕ್ಟರನ್ನು ಹನ್ನೆರಡು ನಡೆಯಲ್ಲಿ ಮುಗಿಸಿದರು, ಅದರ ಮುಂದಿನದರಲ್ಲಿ ಪೋಸ್ಟ್ ಮಾಸ್ತರರಿಗೆ ಸೋತರು. ಆಮೇಲೆ ನನ್ನನ್ನು ತಮ್ಮ ಶೆಡ್ಡಿಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. "ಡಾಕ್ಟರ್‌ನ ಹಂಗ ಕೆಡವಿದವ್ರು ಪೋಸ್ಟ್ ಮಾಸ್ತರಿಗೆ ಹೆಂಗ ಸೋತ್ರಿ?" ಎಂದು ಕೇಳಿದೆ.

"ಆಟ ಉದ್ದಾತ್ರಿ. ನನ್ನ ಪುಸ್ತಕ ಮುಗೀತು."

ಆಗ ಅವರು ಉಪಕರಣದ ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಆ ಪುಸ್ತಕ ತೆಗೆದರು. ಇಂಗ್ಲಿಷಿನದು. ಹಿಂದೊಮ್ಮೆ ಶಿಕಾರಿಗೆ ಬಂದ ಸಾಹೇಬನೊಬ್ಬನ ಮೋಟಾರು ಕೆಟ್ಟು ಇವರ ಕೈಗೆ ಬಂತಂತೆ. ಸೀಟಿನ ಕೆಳಗೆ ಇದು ಸಿಕ್ಕಿತಂತೆ. ಮರಳಿಸಲು ಹೋದರೆ, ಅರ್ಧ ಹರಿದಿದೆ, ನೀನೇ ಇಟ್ಟುಕೋ ಎಂದನಂತೆ. ನಲವತ್ತನೇ ಪುಟದ ತನಕ ಇದೆ, ಮುಂದಿನದು ಇಲ್ಲ. ಆಟದ ಆರಂಭ ಅಷ್ಟೇ, ನಡು ಮತ್ತು ಕೊನೆ ಹರಿದುಹೋಗಿವೆ. "ನಿಮಗ ಹಾಕಿದ್ದು ಕಡೀ ಪುಟದಾಗಿಂದು. ಅದರ ಮುಂದ ಏನೈತೋ ಅಲ್ಲಾನ ಬಲ್ಲ. ಅದಕ್ಕ ನಾ ಆದಷ್ಟು ಲಗೂನ ಗೆಲ್ತೇನಿ, ಇಲ್ಲಾಂದ್ರ ಸೋಲ್ತೇನಿ" ಅಂದರು.

"ಇಂಗ್ಲಿಷ್ ಎಲ್ಲಿ ಕಲ್ತ್ರಿ?"

"ನಾ ಉರ್ದು ಎರಡನೇ ಇಯತ್ತೇಕ ಬಿಟ್ಟಾಂವ. ಪೆಟ್ರೋಲ್ ಡಬ್ಬಿ ಮ್ಯಾಲ, ಟಾಯರ್ ಮ್ಯಾಲ, ಸಾಮಾನಿನ ಪೆಟಗಿ ಮ್ಯಾಲ ಅಕ್ಷರ ಇರ್ತಾವಲ್ರಿ, ಅವನ್ನ ನೋಡಿ ಪೋಸ್ಟ್ ಮಾಸ್ತರ್‌ನ ಕೇಳಿ ಕೇಳಿ ಕಲ್ತೆ. ಮೂರು ವರ್ಷ ಹಿಡೀತು."

ಅವರು ಒಂದು ತಗಡಿನ ಮೇಲೆ ಹಾಸು ಹರಡಿ ಕಾಯಿ ಜೋಡಿಸಿದರು. ನೋಟುಬುಕ್ಕು ತೆರೆದರು. ಅದು ಸಾಮಾನಿನ ಯಾದಿ ಆಗಿರಲಿಲ್ಲ. ಪ್ರತಿ ಕಾಯಿಗೆ ಒಂದು ಅಕ್ಷರ, ಪ್ರತಿ ಮನೆಗೆ ಒಂದು ಗುರುತು, ಬೆಳಿಗ್ಗೆ ನಾವಿಬ್ಬರೂ ಆಡಿದ್ದೆಲ್ಲ ಎರಡು ಸಾಲಿನಲ್ಲಿ ಅಲ್ಲಿತ್ತು. ಅವರ ಕಣ್ಣು ಪುಟದ ಮೇಲೆ, ಕೈ ಹಾಸಿನ ಮೇಲೆ. ನನ್ನ ಅಂಚಿನ ಪ್ಯಾದೆ ಎದ್ದು ಒಂದು ಮನೆ ಮುಂದೆ ಬಂತು. ನನ್ನ ಒಂಟೆ ಓಡಿ ಬಂದು ಕುದುರೆಯನ್ನು ಕಟ್ಟಿತು. ವಜೀರ ಇನ್ನೊಮ್ಮೆ ಸತ್ತ, ನನ್ನ ರಾಜ ಇನ್ನೊಮ್ಮೆ ಮುಂದೆ ಹೆಜ್ಜೆ ಇಟ್ಟ. ಮಣ್ಣಿಗೆ ಹೋದದ್ದು ಎದ್ದು ಕೂತ ಹಾಗೆ ಬೆಳಗಿನ ಆಟ ನನ್ನ ಕಣ್ಣೆದುರು ಎದ್ದು ಕೂತಿತು. ಹದಿನೈದು ವರ್ಷ ನಾನು ಗೆದ್ದ ಆಟಗಳು ಎಷ್ಟಿದ್ದವು, ಅವೆಲ್ಲ ಎಲ್ಲಿ ಹೋದವು? ಮುಂಡಗೋಡಿನ ವೈದ್ಯರನ್ನು ಹೇಗೆ ಗೆದ್ದೆ ಎಂದು ಈಗ ಕೇಳಿದರೆ ಮೀಸೆ ತಿರುವಿ ತೋರಿಸಬಹುದೇ ಹೊರತು ಒಂದು ನಡೆ ತೋರಿಸಲಾರೆ. ಸಾವಿರಾರು ನಾಟಾಗಳ ಮೇಲೆ ಡಾಂಬರಿನಿಂದ ನಂಬರು ಬರೆದವನು ನಾನು. ಒಂದು ಆಟಕ್ಕೂ ನಂಬರು ಹಾಕಿ ಇಡಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ.

ಅವರು ವಜೀರನನ್ನು ಕೊಟ್ಟ ಜಾಗಕ್ಕೆ ಆಟವನ್ನು ಹಿಂದೆ ಒಯ್ದು, "ಇಲ್ಲಿ ನೀವು ವಜೀರನ್ನ ಮುಟ್ಟದ, ನಿಮ್ಮ ಕುದರೀಲೆ ನನ್ನ ಕುದರಿ ಹೊಡದಿದ್ರ ನಂದ ಮುಗೀತಿತ್ತು" ಎಂದು ತೋರಿಸಿದರು.

"ಮತ್ತ ಹೆಂಗ ಧೈರ್ಯ ಮಾಡಿದ್ರಿ?"

"ಎಂಟ ನಡಿ ಒಮ್ಮೆ ಇಟ್ಟವ್ರು ನೀವು. ಕೈಗೆ ಸಿಕ್ಕದ್ದು ಬಿಡೂ ಮಂದಿ ಅಲ್ಲಂತ ಅನಸ್ತು" ಅಂದರು, ಬಹಳ ಮರ್ಯಾದೆಯಿಂದ.

ಬಸ್ಸಿನಲ್ಲಿ ಬರುವಾಗ ಬೆರಗು ಮೆಲ್ಲಗೆ ಇಳಿದು, ಮನೆಯಲ್ಲಿ ಕಾದಿರುವ ಮಾತು ನೆನಪಾಯಿತು. ಏರಿನಲ್ಲಿ ಇಳಿದು ನಡೆಯುತ್ತ ಒಂದು ವಾದ ಕಟ್ಟಿದೆ. ಪಣ ಏನಿತ್ತು? ಓದಿದವರ ಎದುರು ಗೆಲ್ಲುವುದು. ನಾನು ಸೋತದ್ದು ಯಾರಿಗೆ? ಉರ್ದು ಎರಡಕ್ಕೆ ಶಾಲೆ ಬಿಟ್ಟವರಿಗೆ, ನನಗಿಂತ ಎರಡು ಇಯತ್ತೆ ಕಡಿಮೆ. ಆ ಮನುಷ್ಯ ಮ್ಯಾಟ್ರಿಕ್ ಡಾಕ್ಟರನ್ನೂ ಸೋಲಿಸಿದರು. ಅಂದ ಮೇಲೆ ಇದರಿಂದ ಸಿದ್ಧವಾದದ್ದೇನು? ಶಾಲೆಯ ಜರೂರು ಇಲ್ಲ ಎಂದೇ. ಡಾಕ್ಟರು ಮ್ಯಾಟ್ರಿಕ್‌ಗಿಂತ ಹೆಚ್ಚು ಓದಿರಬೇಕು ಎಂಬುದು ಆಗ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ವಾದಕ್ಕೆ ಇನ್ನೂ ಬಲ ಬರುತ್ತಿತ್ತು. ಸೋತು ಬಂದೂ ಗೆದ್ದವನ ಹಾಗೆ ಮನೆ ಹೊಕ್ಕೆ. ಗಂಗವ್ವ ಎದುರಿಗೆ ಕೂತು ಎಲ್ಲವನ್ನೂ ಕೇಳಿದಳು, ಎಂಟು ನಡೆ, ಏಳು ವಾಪಸ್ಸು, ಸತ್ತ ವಜೀರ, ಎದ್ದು ಕೂತ ಆಟ, ಹರಿದ ಪುಸ್ತಕ. ವಾದವನ್ನೂ ಪೂರ್ತಿ ಹೇಳಿದೆ. ಕೊನೆಗೆ ಒಂದೇ ಮಾತು ಕೇಳಿದಳು.

"ಆ ಪುಸ್ತಕ ಓದೂದು ಕಲೀಲಿಕ್ಕೆ ಅವ್ರಿಗೆ ಎಷ್ಟು ವರ್ಷ ಹಿಡೀತಂದ್ರಿ?"

"ಮೂರು."

"ಡಬ್ಬಿ ನೋಡಿ, ಟಾಯರ್ ನೋಡಿ?"

"ಹೂಂ."

"ಅವ್ರಿಗೆ ಶಾಲಿ ಸಿಕ್ಕಿದ್ರ ಆ ಮೂರು ವರ್ಷದಾಗ ಉಳದ ಪುಟಾನೂ ಎಲ್ಲೆರ ಹುಡುಕಿ ಓದತಿದ್ರೇನೋ" ಅಂದಳು.

ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹೋಗಲು ಮನೆ ಇರಲಿಲ್ಲ. ಗಂಗವ್ವನಿಗೆ ಕುದುರೆ ಹೇಗೆ ನಡೆಯುತ್ತದೆ ಎಂದೂ ಗೊತ್ತಿಲ್ಲ.

ಸೋಮವಾರ ಕಸ್ತೂರಿಯ ಕೈ ಹಿಡಿದು ಶಾಲೆಗೆ ಹೋದೆ. ಮಾಸ್ತರರು ತಂದೆಯ ಶಿಕ್ಷಣ ಎಲ್ಲಿ ತನಕ ಎಂದು ಕೇಳಿದರು. ನಾಲ್ಕು ಎನ್ನಬೇಕೋ ಮೂರು ಎನ್ನಬೇಕೋ ಎಂದು ಹದಿನೈದು ವರ್ಷದಲ್ಲಿ ಮೊದಲ ಸಲ ಯೋಚಿಸಿದೆ. ಪರೀಕ್ಷೆಗೆ ಕೂರದ ಇಯತ್ತೆ ಲೆಕ್ಕಕ್ಕೆ ಬರುವುದಿಲ್ಲವಂತೆ. ಮೂರು ಎಂದು ಬರೆದುಕೊಂಡರು. ಹೊರಗೆ ಬರುವಾಗ ಹುಡುಗಿ ಕೈ ಬಿಡಿಸಿಕೊಂಡು ಒಳಗೆ ಓಡಿತು, ತಿರುಗಿ ನೋಡಲಿಲ್ಲ. ವರ್ಷ ತುಂಬುವುದರೊಳಗೆ ಅದು ಮೊದಲು ಕನ್ನಡದಲ್ಲಿ, ಆಮೇಲೆ ದಸ್ತಗೀರಸಾಬರಿಂದ ಕಲಿತ ಅಕ್ಷರಗಳಲ್ಲಿ, ನನ್ನ ಆಟಗಳನ್ನು ಬರೆದುಕೊಡತೊಡಗಿತು. ನಾನೇ ಬರೆಯಬಹುದಿತ್ತು. ಆದರೆ ಆಡುವಾಗ ಬರೆಯಲು ಹೋದರೆ ನನಗೆ ಎರಡೂ ತಪ್ಪುತ್ತವೆ. ದಸ್ತಗೀರಸಾಬರು ಎರಡು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಬಸ್ಸಿನ ಜೊತೆ ದಾಂಡೇಲಿಗೆ ಬರುತ್ತಾರೆ. ಬಂದರೆ ಒಂದು ಆಟ. ಒಂದು ಸಲ ಕಸ್ತೂರಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆಂದು ಧಾರವಾಡಕ್ಕೆ ಹೋದಾಗ ನಾನು ಅವರನ್ನು ಗೆದ್ದೆ, ಸುಮ್ಮನೆ ಅಲ್ಲ, ಬಹಳ ಚಂದವಾಗಿ ಗೆದ್ದೆ. ಅಂದು ಅವರು ನೋಟುಬುಕ್ಕು ಮರೆತು ಬಂದಿದ್ದರಂತೆ. ಮಗಳು ಬಂದ ಮೇಲೆ ಬರೆಸೋಣ ಎಂದು ಕೂತರೆ ನನಗೆ ಮೊದಲ ನಾಲ್ಕು ನಡೆಯ ಮುಂದೆ ನೆನಪಾಗಲಿಲ್ಲ. "ಬರೀಲಾರದ್ದು ಆಗಿದ್ದ ಅಲ್ಲಪಾ" ಎಂದು ಅವಳು ಪೆನ್ಸಿಲು ಕೆಳಗಿಟ್ಟಳು.

ಈಗ ನನ್ನ ಹತ್ತಿರ ಇರುವುದಿಷ್ಟು. ಹಂಚಿನ ಮನೆ ಒಂದು, ಎಮ್ಮೆ ಎರಡು, ಹೆಂಡತಿ ಒಬ್ಬಳು, ಮುಲ್ಕಿ ಪಾಸಾದ ಮಗಳು ಒಬ್ಬಳು, ಅವಳ ಕೈಬರಹದ ನೋಟುಬುಕ್ಕು ಮೂರು. ದಸ್ತಗೀರಸಾಬರ ಜೋಡಿ ಆಡಿದ್ದು ನಲವತ್ತೊಂದು ಆಟ, ಬರೆದದ್ದು ನಲವತ್ತು. ಅದರಲ್ಲಿ ಸಮ ಆದದ್ದು ನಾಲ್ಕು, ಸೋತದ್ದು ಮೂವತ್ತಾರು.